ಬೆನ್ನಿಗೆ ಹತ್ತದ ಮಣ್ಣು

“ಬೀಳು” ಎಂದರು. ನಾನು ಬೀಳಲಿಲ್ಲ.

ಜಪಾನಿಗೆ ಬಂದು ಇಳಿದ ಮರುದಿನ ಬೆಳಿಗ್ಗೆಯ ಮಾತು. ಟೋಕಿಯೋದಿಂದ ರೈಲಿನಲ್ಲಿ ಒಂದು ತಾಸಿನ ಹಾದಿಯ ಚಿಬಾ ಎಂಬ ಊರು. ಅಲ್ಲಿ ಸೋಲಾಪುರದ ನೂಲಿನ ಗೋದಾಮಿನಂಥದೇ ಒಂದು ತಗಡಿನ ಕಟ್ಟಡ. ಅದಕ್ಕೆ ‘ದೋಜೋ’ ಅನ್ನುತ್ತಾರೆ, ನಮ್ಮ ಮಾತಿನಲ್ಲಿ ತಾಲೀಮು, ಗರಡಿಮನೆ. ಚಳಿಗೆ ಎಲ್ಲರ ಬಾಯಿಂದ ಹೊಗೆ ಹೊರಡುತ್ತಿತ್ತು. ತಲೆ ಬೋಳಿಸಿಕೊಂಡ ಹುಡುಗರು ಸಾಲುಗಟ್ಟಿ ಕೂತು ಏಳುತ್ತಿದ್ದರು. ಆ ಕಸರತ್ತಿನ ಹೆಸರು ಕೇಳಿ ಬೆರಗಾದೆ. ‘ಹಿಂಜೂ ಸುಕುವಾತ್ತೋ.’ ಹಿಂದೂ ಬೈಠಕ! ನಮ್ಮೂರು ತಡವಳದಲ್ಲಿ ನಮ್ಮಪ್ಪ ಬೆತ್ತ ಹಿಡಿದು ತೆಗೆಸುತ್ತಿದ್ದ ಅದೇ ಬೈಠಕ ನನಗಿಂತ ಮೊದಲು ಸಮುದ್ರ ದಾಟಿ ಇಲ್ಲಿಗೆ ಬಂದಿತ್ತು. ನಮ್ಮೂರ ತಾಲೀಮಿನ ಬಾಗಿಲು ತೆರೆಯುವವರೇ ಈಗ ಕಡಿಮೆ. ಇಲ್ಲಿ ಪರದೇಶದ ಹುಡುಗರು ಪೂಜೆಯ ಹಾಗೆ ತೆಗೆಯುತ್ತಿದ್ದರು. ನನಗೆ ಹುರುಪು ಬಂತು. ಅವರೆಲ್ಲ ದಣಿದು ನಿಂತ ಮೇಲೂ ನಾನು ತೆಗೆಯುತ್ತಲೇ ಇದ್ದೆ. ಹುಡುಗರು ಚಪ್ಪಾಳೆ ತಟ್ಟಿದರು.

ಆಗ ಗುರುಗಳಾದ ಮೊರಿತಾ ಸಾನ್ ರಿಂಗಿನ ನಡುವೆ ಬೆರಳು ಮಾಡಿ, ಹಿಂದಕ್ಕೆ, ಬೆನ್ನ ಮೇಲೆ ಬೀಳು ಎಂದು ಸನ್ನೆ ಮಾಡಿದರು. ಹದಿನಾರು ವರ್ಷದ ಪೋರ ಕೂಡ ದಬ್ಬಕ್ಕನೆ ಬಿದ್ದು ಎದ್ದ. ನಾನು ಮೊದಲು ಮೊಣಕಾಲು ಮಡಚಿದೆ, ಆಮೇಲೆ ಕೈ ಊರಿದೆ, ಆಮೇಲೆ ಮುದುಕರು ಹಾಸಿಗೆಯ ಮೇಲೆ ಒರಗುವಂತೆ ಒರಗಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನಾನು ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಅಕ್ಕಲಕೋಟ ತಾಲೂಕಿನ ತಡವಳದವನು, ಹೆಸರು ರೇವಣಸಿದ್ಧ. ಊರ ಕನ್ನಡ ಸಾಲಿಯಲ್ಲಿ ಏಳನೆಯ ತರಗತಿವರೆಗೆ ಕಲಿತು ಬಿಟ್ಟೆ. ನಮ್ಮಣ್ಣನ ಮಕ್ಕಳು ಮರಾಠಿ ಓದುತ್ತಾರೆ, ಇದನ್ನು ಅವರು ಓದಲಾರರು. ಆದರೂ ಕನ್ನಡದಲ್ಲೇ ಬರೆಯುತ್ತೇನೆ. ನನಗೆ ಬರುವ ಬರವಣಿಗೆ ಇದೊಂದೇ, ಅದರ ಬಗ್ಗೆ ನನಗೆ ಸಂಕೋಚವಿಲ್ಲ. ನಮ್ಮದು ಪಾಟೀಲಕಿಯ, ಅಂದರೆ ಊರಗೌಡರ ಮನೆ, ಕುಸ್ತಿಯ ಮನೆ. ಅಜ್ಜ ಪೈಲ್ವಾನ, ಅಪ್ಪ ಪೈಲ್ವಾನ. ಕೆಂಪು ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿತೋ, ಮುಗಿಯಿತು. ಆ ದಿನ ಪೈಲ್ವಾನನ ಮನೆಯಲ್ಲಿ ಒಲೆ ಹೊತ್ತಿಸಲು ಹೆಂಗಸರಿಗೆ ಕೈ ಬರುವುದಿಲ್ಲ. ಹಾಗೆ ಬೆಳೆದ ನನಗೆ ಇಲ್ಲಿ ಮೊದಲ ಪಾಠವೇ ಬೆನ್ನು ತಾಗಿಸುವುದು.

ಇಲ್ಲಿ ನಾನು ಆಡುವುದು ಮಣ್ಣಿನ ಕುಸ್ತಿಯಲ್ಲ. ಟಿವಿಯಲ್ಲಿ ನೋಡಿರುತ್ತೀರಿ: ಹಗ್ಗ ಕಟ್ಟಿದ ರಿಂಗು, ಮಿರಿಮಿರಿ ಚಡ್ಡಿ, ಬೆನ್ನು ತಾಗಿದವನ ಮೇಲೆ ಒರಗಿದಾಗ ಮೂರು ಎಣಿಸಿ ಸೋಲು ಸಾರುವುದು, ಯಾರು ಗೆಲ್ಲಬೇಕೆಂದು ಮೊದಲೇ ಮಾತಾಡಿಕೊಂಡ ಆಟ. ಗೆಲುವು ಸುಳ್ಳು, ಪೆಟ್ಟು ಖರೇ. ಇದನ್ನು ನನಗೆ ಹಚ್ಚಿದವನು ಮಿಲಿಂದ.

ಮಿಲಿಂದ ನಮ್ಮೂರ ಬೌದ್ಧರ ಓಣಿಯವನು, ಅಜ್ಜನ ಕಾಲಕ್ಕೆ ಬೌದ್ಧರಾದ ದಲಿತರ ಮನೆಯ ಹುಡುಗ. ಅವನವ್ವ ಶಾಂತಾಬಾಯಿ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದಳು. ಈಗ ಸಾಲಿಯಲ್ಲಿ ಮಕ್ಕಳಿಗೆ ಖಿಚಡಿ ಮಾಡುತ್ತಾಳೆ. ಮಿಲಿಂದ ಸೋಲಾಪುರದ ಅಕ್ಕಲಕೋಟ ರಸ್ತೆಯ ಟಾವೆಲ್ ಕಾರಖಾನೆಯಲ್ಲಿ ಮಗ್ಗದ ಫಿಟ್ಟರ್. ನನಗಿಂತ ಒಂದು ಗೇಣು ಗಿಡ್ಡ. ಟಿವಿ ನೋಡಿ ನೋಡಿ ಈ ಆಟದ ಹುಚ್ಚು ಹಿಡಿಸಿಕೊಂಡಿದ್ದ. ಮುರಿದ ಮಗ್ಗಗಳ ಕಬ್ಬಿಣ ತಂದು, ತಾನೇ ಬೆಸೆದು, ಹಲಗೆ ಹೊಡೆದು, ಹತ್ತಿಯ ಚಿಂದಿ ತುಂಬಿದ ಗಾದಿ ಹಾಸಿ, ಮೇಲೆ ತಾಡಪತ್ರಿ ಬಿಗಿದು ರಿಂಗು ಮಾಡಿದ. ಬಟ್ಟೆ ಹೊಲಿಸಿದ್ದು ನವಿ ಪೇಠದಲ್ಲಿ, ಮದುವೆಯ ಬ್ಯಾಂಡಿನವರಿಗೆ ಹೊಲಿಯುವ ಟೇಲರನ ಹತ್ತಿರ. ಹಾಗಾಗಿ ನನ್ನ ಮೊದಲ ಅಂಗಿಗೆ ಭುಜದ ಮೇಲೆ ಜಾಲರಿ ಇತ್ತು. ರಿಂಗಿನಲ್ಲಿ ನನ್ನ ಹೆಸರು ‘ಢಾಣ್ಯಾ ವಾಘ್’, ದೊಡ್ಡ ಹುಲಿ. ಮಿಲಿಂದನ ಹೆಸರು ‘ರಬ್ಬರ್’.

ಆ ಹೆಸರು ಯಾಕೆ ಬಂತೆಂದು ಹೇಳಬೇಕು. ಮಂಗಳವೇಢೆ ಕಡೆಯ ನಂದೇಶ್ವರದಲ್ಲಿ ನಮ್ಮ ಆಟವಿತ್ತು. ಮಿಲಿಂದ ದುಷ್ಟ, ನಾನು ಸಜ್ಜನ. ಅವನು ನನ್ನ ಕಣ್ಣಿಗೆ ಪುಡಿ ಎರಚಿದಂತೆ ಮಾಡಿದ. ಮುಂದೆ ಕೂತಿದ್ದ ಒಬ್ಬ ಮುದುಕಿ ಎದ್ದು ಬಂದು, “ಮೆಲ್ಯಾ, ಲಾಜ್ ನಾಹೀ ಕಾ?” ನಾಚಿಕೆ ಇಲ್ಲವೇನೋ ಎಂದು ಬೈದು ಕೋಲಿನಿಂದ ಅವನ ಕಾಲಿಗೆ ಮುಟ್ಟಿಸಿದಳು. ಮುಟ್ಟಿಸಿದ್ದು ಅಷ್ಟೇ. ಮಿಲಿಂದ ಗಿರ್ರನೆ ಎರಡು ಸುತ್ತು ತಿರುಗಿ, ಹಗ್ಗಕ್ಕೆ ಬಡಿದು, ಗಾಳಿಯಲ್ಲಿ ಮಗುಚಿ ಧೊಪ್ಪನೆ ಬಿದ್ದ. ಜನ ಮುದುಕಿಯನ್ನು ಹೆಗಲ ಮೇಲೆ ಹೊತ್ತು ಕುಣಿದರು. ಟೆಂಪೋದಲ್ಲಿ ವಾಪಸು ಬರುವಾಗ ಮಿಲಿಂದ ಸೊಂಟ ಹಿಡಿದುಕೊಂಡು ನಗುತ್ತಿದ್ದ. “ನಿನಕಿಂತ ಮುದುಕಿನ ಛಲೋ ಹೊಡದ್ಳು ನೋಡಲೇ!”

ಬೀಳುವವನು ಯಾವಾಗಲೂ ಅವನೇ. ಇದನ್ನು ಯಾರೂ ಠರಾಯಿಸಲಿಲ್ಲ, ಕೂತು ಗೊತ್ತುಮಾಡಲಿಲ್ಲ. ಅಥವಾ ಯಾರೂ ಬಾಯಿಬಿಟ್ಟು ಠರಾಯಿಸಲಿಲ್ಲ. ತಡವಳದಲ್ಲಿ ನಮ್ಮ ಮೊದಲ ಆಟದ ಮುನ್ನಾದಿನ ಅಪ್ಪ ಚಾ ಕುಡಿಯುತ್ತ ಹೇಳಿದ್ದ: “ಖರೇ ಇರ್ಲಿ, ಖೋಟಾ ಇರ್ಲಿ. ಊರಾಗ ನಮ್ಮ ಬೆನ್ನಿಗಿ ಮಣ್ಣ ಹತ್ತಬಾರದು.” ಯಾರ ಕೈಯಿಂದ ಹತ್ತಬಾರದು ಎಂಬುದನ್ನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಮಿಲಿಂದ ಕಟ್ಟೆಯ ಕೆಳಗೆ ನಿಂತಿದ್ದ, ಕೇಳಿಸಿಕೊಂಡ. ಮರುದಿನ ರಿಂಗು ಕಟ್ಟುವಾಗ ಬೋಲ್ಟು ತಿರುವುತ್ತ ತಾನೇ ಅಂದ, “ನಾ ಬೀಳ್ತೀನಿ. ನೀ ನಿಂದರು. ನಿನಗ ನಿಂದರೂದು ಒಪ್ಪತೈತಿ.” ನಾನು ಹೂಂ ಎಂದೆ. ಆಮೇಲೆ ಬೇರೆ ಊರುಗಳಲ್ಲೂ, ನಮ್ಮ ಅಪ್ಪ ಇಲ್ಲದ ಕಡೆಯೂ ಅದೇ ರೂಢಿಯಾಯಿತು. ಎಲ್ಲರ ಎದುರು ಅವನು ನನ್ನನ್ನು “ಪಾಟೀಲ್ರ” ಅನ್ನುತ್ತಿದ್ದ. ರಿಂಗಿನ ಒಳಗೆ ಮಾತ್ರ, ಕೈಗೆ ಕೈ ಕೊಟ್ಟಾಗ, ಕಿವಿಯಲ್ಲಿ “ರೇವಣ್ಯಾ.”

ಈ ಜಪಾನಿ ಕಂಪನಿಯವರು ಪುಣೆಗೆ ಬಂದು ಹುಡುಗರನ್ನು ನೋಡುತ್ತಾರೆಂದು ಪತ್ತೆ ಹಚ್ಚಿದವನೂ ಮಿಲಿಂದನೇ. ಇಬ್ಬರೂ ಹೋದೆವು. ನಮ್ಮ ಆಟದ ಕೊನೆಗೆ ಧೋಬಿ ಪಛಾಡ: ಅಗಸ ಬಟ್ಟೆ ಒಗೆದಂತೆ ಎದುರಾಳಿಯನ್ನು ಹೆಗಲ ಮೇಲಿಂದ ಎತ್ತಿ ನೆಲಕ್ಕೆ ಅಪ್ಪಳಿಸುವ ಪಟ್ಟು. ಅಂದು ಮಿಲಿಂದ ಹಾರಿದ್ದನ್ನು ನಾನು ಮರೆಯಲಾರೆ. ಹಲಗೆ ಮುರಿದಂಥ ಸಪ್ಪಳವಾಯಿತು. ಕೋಟು ಹಾಕಿಕೊಂಡು ಕೂತಿದ್ದ ಆ ಮಂದಿ ಎದ್ದು ನಿಂತುಬಿಟ್ಟರು. ಎದ್ದು ನಿಂತು ನನ್ನನ್ನು ನೋಡಿದರು.

ನನ್ನೊಬ್ಬನನ್ನೇ ಆರಿಸಿದರು. ಎತ್ತರ ಇದೆ, ಮುಖ ಇದೆ ಎಂದರು. ನಾನು ಮಿಲಿಂದನ ಕಡೆ ತಿರುಗಿದಾಗ ಅವನು ಆಗಲೇ ನಮ್ಮ ಚೀಲ ಕಟ್ಟುತ್ತಿದ್ದ. “ಹೋಗ್ ಹೋಗ್. ಇಬ್ಬರೂ ಹೋದ್ರ ರಿಂಗ್ ಯಾರು ಕಾಯಬೇಕು? ಇಲಿ ಕಡದ ಬಿಡ್ತಾವ.”

ಇಲ್ಲಿಯ ಬಾಳ್ವೆಯ ಬಗ್ಗೆ ಊರವರು ಕೇಳುತ್ತಿರುತ್ತಾರೆ. ಹೇಳುತ್ತೇನೆ. ದೋಜೋದ ಮೇಲಿನ ಮಾಳಿಗೆಯಲ್ಲೇ ನಮ್ಮ ವಾಸ. ಚಾಪೆಯ ನೆಲ, ಮಡಚಿಡುವ ಹಾಸಿಗೆ, ನನ್ನ ಕಾಲು ಹಾಸಿಗೆಯಿಂದ ಹೊರಗೆ. ನನಗಿಂತ ಮೊದಲು ಸೇರಿದವರೆಲ್ಲ ‘ಸೆನ್‌ಪಾಯಿ’, ಹಿರಿಯರು. ವಯಸ್ಸು ಲೆಕ್ಕಕ್ಕಿಲ್ಲ. ನನ್ನ ಅಣ್ಣನ ಮಗನ ವಯಸ್ಸಿನ ಪೋರನ ಬೆನ್ನು ನಾನು ತಿಕ್ಕಬೇಕು, ಅವರೆಲ್ಲ ಮಿಂದ ಮೇಲೆ ಉಳಿದ ಬಿಸಿನೀರಿನ ತೊಟ್ಟಿಗೆ ನಾನು ಇಳಿಯಬೇಕು. ನಮ್ಮ ಮನೆಯ ಹಿತ್ತಲಲ್ಲಿ ಎಲ್ಲರಿಗಿಂತ ಮೊದಲು ನನಗೆ ನೀರು ತೋಡಿಡುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಒಂದು ದಿನ ಆ ತೊಟ್ಟಿಯಲ್ಲಿ ಕೂತಾಗ ಶಾಂತಾಬಾಯಿಯ ನೆನಪಾಯಿತು. ಕಳೆ ತೆಗೆದು ಬಂದವಳಿಗೆ ನಮ್ಮವ್ವ ಮೇಲಿನಿಂದ ನೀರು ಹೊಯ್ಯುತ್ತಿದ್ದಳು, ಅವಳು ಬೊಗಸೆಯಲ್ಲಿ ಹಿಡಿದು ಕುಡಿಯುತ್ತಿದ್ದಳು. ತಂಬಿಗೆ ಕೊಡುತ್ತಿರಲಿಲ್ಲ. ನಾನು ನೋಡುತ್ತ ನಿಂತಿರುತ್ತಿದ್ದೆ. ಇಲ್ಲಿ ನಾನು ಕೊನೆಯವನಾಗಿರುವುದು ಕಾಯಿದೆ. ಎರಡು ವರ್ಷ ದುಡಿದರೆ ಮುಂದಿನವನಾಗುತ್ತೇನೆ. ಅವಳಿಗೆ ಅಂಥ ಕಾಯಿದೆ ಇರಲಿಲ್ಲ.

ಊಟಕ್ಕೆ ‘ಚಾಂಕೋ’. ದೊಡ್ಡ ಪಾತೆಲಿಯಲ್ಲಿ ಕೋಳಿ, ಮೀನು, ಸೊಪ್ಪು, ಸಿಕ್ಕಿದ್ದೆಲ್ಲ ಹಾಕಿ ಕುದಿಸುವ ಸಾರು. ಮಟನ್ ಬಿಡದ ನನಗೂ ಮೀನಿನ ವಾಸನೆ ಸೇರಲಿಲ್ಲ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯನ್ನು ಅನ್ನದ ಮೇಲೆ ಉದುರಿಸಿಕೊಂಡು ಉಂಡೆ. ಒಬ್ಬ ಸೆನ್‌ಪಾಯಿ ರುಚಿ ನೋಡಿ ಖಾರಕ್ಕೆ ಕಣ್ಣೀರು ಸುರಿಸಿದ, ಮರುದಿನ ಮತ್ತೆ ಕೇಳಿದ, ವಾರದಲ್ಲಿ ಡಬ್ಬಿ ಖಾಲಿ. ಆಮೇಲೆ ಒಂದು ಅಂಗಡಿಯಲ್ಲಿ ಚಿಕ್ಕ ಪಾಕೀಟಿನಲ್ಲಿ ಕೆಂಪು ಕಾಳು ಕಂಡೆ. ‘ತಾಕಾಕಿಬಿ’ ಎಂದು ಬರೆದಿತ್ತಂತೆ. ನಾನು ಓದಿದ್ದು ಕೈಯಿಂದ: ಜೋಳ! ಕಾಫಿ ಬೀಜ ಅರೆಯುವ ಮಿಷನ್ನಿನಲ್ಲಿ ಬೀಸಿ, ಬಿಸಿನೀರು ಹಾಕಿ ನಾದಿ, ಬಡಿದೆ. ರೊಟ್ಟಿ ಮೂರು ತುಂಡಾಯಿತು. ಮೂರೂ ತುಂಡು ತಿಂದು, ತಟ್ಟೆಯಲ್ಲಿ ಉಳಿದ ಪುಡಿಯನ್ನೂ ಬೆರಳಿಗೆ ಒತ್ತಿ ತಿಂದೆ.

ಮಾತು ನಿಧಾನಕ್ಕೆ ಬಂತು. ಇಲ್ಲಿ ಕೆಲಸ ಮುಗಿದ ಮೇಲೆ ಒಬ್ಬರಿಗೊಬ್ಬರು ‘ಒತ್ಸುಕಾರೆಸಾಮಾ’ ಅನ್ನುತ್ತಾರೆ. ‘ದಣಿದಿರಿ’ ಎಂದು ಅರ್ಥ. ನಮ್ಮ ಕಡೆ ಹೊಲದಿಂದ ಬಂದವನಿಗೆ “ಯಾಕಪಾ, ಭಾಳ ದಣದಿ?” ಅನ್ನುವುದಿಲ್ಲವೇ, ಹಾಗೆ. ಈ ಮಾತು ನನಗೆ ತಕ್ಷಣ ಹತ್ತಿತು. ಆದರೆ ಇಲ್ಲಿ ದಣಿಯದವನಿಗೂ ಅದನ್ನೇ ಅನ್ನುತ್ತಾರೆ.

ಸ್ವಂತ ಆಟಕ್ಕೂ ಕಂಪನಿಯ ಆಟಕ್ಕೂ ಇರುವ ಅಂತರ ಕೇಳುತ್ತೀರಾದರೆ: ಊರಲ್ಲಿ ನಾನೇ ಮಾಲಕ, ನಾನೇ ಹಮಾಲ. ರಿಂಗು ಹೊರುವುದು, ಪೋಸ್ಟರು ಹಚ್ಚುವುದು, ಬಿದ್ದು ಪೆಟ್ಟಾದರೆ ಅರಿಶಿಣ ಹಚ್ಚಿಕೊಳ್ಳುವುದು, ಎಲ್ಲ ನಮ್ಮದೇ. ಇಲ್ಲಿ ಮೊಣಕಾಲು ಚಿಟಕ್ಕೆಂದರೆ ಡಾಕ್ಟರು ಓಡಿ ಬರುತ್ತಾರೆ. ಪಗಾರ ತಿಂಗಳಿಗೆ ಸರಿಯಾಗಿ ಬರುತ್ತದೆ, ಅದರಿಂದಲೇ ಊರಲ್ಲಿ ಬಾವಿ ಆಳವಾಗಿದೆ. ಆದರೆ ಹೆಸರು ಅವರದು. ನನ್ನನ್ನು ‘ಮಿಸ್ಟರ್ ಹಿಮಾಲಯ’ ಮಾಡಿದ್ದಾರೆ. ತಡವಳದ ಸುತ್ತ ಒಂದು ದಿಬ್ಬವೂ ಇಲ್ಲ, ನಾನು ಹಿಮಾಲಯ ನೋಡಿದ್ದು ಕ್ಯಾಲೆಂಡರಿನಲ್ಲಿ. ಯಾರ ಜೊತೆ ಆಡಬೇಕು, ಎಷ್ಟು ಹೊತ್ತಿಗೆ ಸೋಲಬೇಕು, ಅವರೇ ಹೇಳುತ್ತಾರೆ. ಅವರನ್ನು ಕೇಳದೆ ಬೇರೆ ಯಾವ ರಿಂಗಿಗೂ ಕಾಲಿಡುವ ಹಾಗಿಲ್ಲ.

ಬೀಳುವ ವಿದ್ಯೆಗೆ ಇಲ್ಲಿ ‘ಉಕೆಮಿ’ ಅನ್ನುತ್ತಾರೆ. ಮೈಯಿಂದ ಪೆಟ್ಟನ್ನು ಬರಮಾಡಿಕೊಳ್ಳುವುದು ಎಂದು ಮೊರಿತಾ ಸಾನ್ ಅರ್ಥ ಹೇಳಿದರು. ಗದ್ದ ಎದೆಗೆ ಒತ್ತಬೇಕು, ಉಸಿರು ಬಿಡಬೇಕು, ಎರಡೂ ಕೈ ಅಗಲಿಸಿ ನೆಲ ಬಡಿಯಬೇಕು. ನನಗೆ ತಿಂಗಳುಗಟ್ಟಲೆ ಬರಲಿಲ್ಲ. ಮೈ ತಾನಾಗಿಯೇ ತಡೆಯುತ್ತಿತ್ತು. ಒಂದು ಮಧ್ಯಾಹ್ನ ಮೊರಿತಾ ಸಾನ್ ನನ್ನನ್ನು ಕರೆದು ಕೂರಿಸಿ, ಪುಣೆಯ ಆ ಆಟದ ವಿಡಿಯೋ ಹಚ್ಚಿದರು. ನಾನು ನನ್ನನ್ನೇ ನೋಡಿ ಎದೆ ಉಬ್ಬಿಸಿದೆ. ಅವರು ಧೋಬಿ ಪಛಾಡಕ್ಕೆ ಬಂದಾಗ ನಿಲ್ಲಿಸಿದರು. ಮಿಲಿಂದ ಗಾಳಿಯಲ್ಲಿದ್ದ. ಅವನ ಮೇಲೆ ಬೆರಳಿಟ್ಟು, “ಇವನು ಯಾರು?” ಎಂದರು.

“ನನ್ನ ಗೆಳೆಯ.”

“ನಿನ್ನ ಬಲ ಇಲ್ಲಿ ಕಾಣುವುದಿಲ್ಲ. ಇವನೇ ಹಾರಿದ್ದಾನೆ. ಇವನು ಹಾರಿದ್ದರಿಂದ ನೀನು ದೊಡ್ಡವನಾಗಿ ಕಂಡೆ.” ಆಮೇಲೆ ಕೇಳಿದರು, “ಇವನನ್ನು ಯಾಕೆ ಬಿಟ್ಟು ಬಂದೆ?”

ಆರಿಸಿದ್ದು ಅವರ ಕಂಪನಿಯೇ ಹೊರತು ನಾನಲ್ಲ ಎಂದು ಹೇಳಬಹುದಿತ್ತು. ಈ ಆಟದ ಗುಟ್ಟು ಅಂದು ಪೂರ್ತಿ ತಿಳಿಯಿತು: ಮನುಷ್ಯ ತಾನಾಗಿ ಜಿಗಿಯದೆ ಅವನನ್ನು ಹೆಗಲ ಮೇಲೆ ಎತ್ತಲು ಯಾವ ಪೈಲ್ವಾನನಿಗೂ ಆಗದು. ಎತ್ತುವವನಿಗೆ ಚಪ್ಪಾಳೆ, ಜಿಗಿಯುವವನಿಗೆ ಬೆನ್ನುನೋವು. ಎಷ್ಟೋ ವರ್ಷ ನನ್ನ ಬಲ ಎಂದುಕೊಂಡಿದ್ದು ಮಿಲಿಂದನ ಜಿಗಿತವಾಗಿತ್ತು.

ಅದಾದ ಮೇಲೆ ಬೀಳುವುದು ಬಂತು. ಈಗ ಬರುತ್ತದೆ ಎಂದರೆ ಛಲೋ ಬರುತ್ತದೆ. ಹೊಸಬರು ಮೊದಲ ವರ್ಷಗಳಲ್ಲಿ ಸೋಲಬೇಕೆಂಬುದು ಇಲ್ಲಿಯ ಪದ್ಧತಿ. ಊರಿಂದ ಊರಿಗೆ ಬಸ್ಸಿನಲ್ಲಿ ಹೋಗಿ, ಬಿದ್ದು, ಬರುತ್ತೇನೆ. ಊರಿಗೆ ಸುಳ್ಳು ಹೇಳಿಲ್ಲ. ನಿಂತಿರುವ ಫೋಟೋ ಮಾತ್ರ ಕಳಿಸಿದ್ದೇನೆ.

ಕಳೆದ ಸಲ ರಜೆಯ ಮಾತು ಬಂದಾಗ ಮಿಲಿಂದ ಫೋನಿನಲ್ಲಿ ಅಂದ, “ಒಂದ್ ಕೇಳ್ಲ್ಯಾ? ಬ್ಯಾಡ ಅನ್ನಬ್ಯಾಡ.”

“ಕೇಳು.”

“ತಡವಳದಾಗ ಒಂದ್ ಆಟ. ಸಾಲಿ ಗ್ರೌಂಡಿನ್ಯಾಗ. ನಾನೂ ನೀನೂ. ಈ ಸಲ ನಾ ಎತ್ತತೀನಿ, ನೀ ಬೀಳು.”

ನಾನು ಫೋನನ್ನು ಇನ್ನೊಂದು ಕಿವಿಗೆ ಹಚ್ಚಿದೆ.

“ಅವ್ವ ಒಂದ್ಸಲನೂ ನನ್ನ ಆಟ ನೋಡಾಕ ಬಂದಿಲ್ಲ. ‘ಮಗ ಬೀಳೂದ್ ನೋಡಾಕ ನಾ ಯಾಕ ಬರ್ಲಿ? ನಿಂದರತಿ ಅಂದ್ರ ಹೇಳು, ಬರ್ತೀನಿ’ ಅಂತಾಳ. ಇನ್ನ ಎಷ್ಟ್ ವರ್ಷ ಆಡ್ಲಿ ನಾ? ಸೊಂಟ ಹೋಗೇತಿ. ಒಂದ್ಸಲ ನಿಂದರತೀನಿ. ಊರಾಗ.”

“ಕಂಪನಿ ಬಿಡಬೇಕಲ್ಲೋ” ಎಂದೆ. ಹಾಗೆ ಅಂದಾಗ ಎದೆ ಹಗುರಾದದ್ದು ನನಗೇ ಗೊತ್ತಾಯಿತು.

ಆದರೂ ಮೊರಿತಾ ಸಾನರನ್ನು ಕೇಳಿದೆ. ಬಿಡುವುದಿಲ್ಲ ಎನ್ನುತ್ತಾರೆಂಬ ಧೈರ್ಯದಿಂದಲೇ ಕೇಳಿದೆ. ಅವರು ಕಂಪನಿಯ ದೊಡ್ಡವರ ಹತ್ತಿರ ಹೋಗಿ ಮಾತಾಡಿ ಬಂದರು. ಒಪ್ಪಿಗೆ ಸಿಕ್ಕಿತ್ತು, ಹಿಮಾಲಯದ ಹೆಸರು ಹಾಕಬಾರದು, ಅಷ್ಟೇ. “ಅವನ ಕೈಯಲ್ಲಿ ಬೀಳುವುದಾದರೆ ಹೋಗು. ಚೆನ್ನಾಗಿ ಬೀಳು” ಎಂದರು. ನಾನು ಮಿಲಿಂದನಿಗೆ ಹೇಳಿದೆ. ಅವನು ಫೋನಿನಲ್ಲೇ ಕೂಗಿದ್ದು ಮಗ್ಗದ ಸದ್ದನ್ನೂ ಮೀರಿ ಕೇಳಿಸಿತು.

ಸೋಲಾಪುರ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಮುಖಕ್ಕೆ ಹೊಡೆಯಿತು. ಜನ ಮೈಗೆ ಮೈ ತಾಗಿಸಿ ಹೋಗುತ್ತಿದ್ದರು. ನಾನು ಗೊತ್ತಿಲ್ಲದೆ ಎಲ್ಲರಿಗೂ ಸೊಂಟ ಬಗ್ಗಿಸಿ ಕ್ಷಮೆ ಕೇಳುತ್ತಿದ್ದೆ. ಮಿಲಿಂದ ಮೋಟರಸೈಕಲ್ ತಂದಿದ್ದ. “ಏನಲೇ, ಎಲ್ಲಾರ ಕಾಲ ಹುಡಕಾಕತ್ತಿ?” ಎಂದು ನಕ್ಕ. ದಾರಿಯುದ್ದಕ್ಕೂ ಆಟದ ಹೊಂದಿಕೆ ಹೇಳಿದ. ಮೊದಲು ನಾನು ಜೋರು, ಆಮೇಲೆ ಅವನು ತಪ್ಪಿಸಿಕೊಳ್ಳುವುದು, ಕೊನೆಗೆ ಧೋಬಿ ಪಛಾಡ, ಅವನ ಹೆಗಲ ಮೇಲಿಂದ ನಾನು. ತೆಗ್ಗು ಬಂದಾಗಲೆಲ್ಲ ಸೊಂಟಕ್ಕೆ ಕೈ ಇಟ್ಟುಕೊಳ್ಳುತ್ತಿದ್ದ.

ಆಟ ಸಂಜೆಗೆ, ಇನ್ನೂ ಬೆಳಕಿದ್ದಾಗ. ಸಾಲಿಯ ಗ್ರೌಂಡು ತುಂಬಿತ್ತು. ಊರ ಹಿರಿಯರು ಮೊದಲು ನನಗೆ ಫೇಟಾ ಸುತ್ತಿ, ಹಾರ ಹಾಕಿ, ಜಪಾನು ಗೆದ್ದು ಬಂದವನು ಎಂದು ಭಾಷಣ ಮಾಡಿದರು. ನಾನು ತಿದ್ದಲಿಲ್ಲ. ಅಪ್ಪ ಮುಂದಿನ ಸಾಲಿನ ಕುರ್ಚಿಯಲ್ಲಿದ್ದ. ಅವನಿಂದ ಬಹಳ ದೂರದಲ್ಲಿ, ಖಿಚಡಿಯ ಕೋಣೆಯ ಮೆಟ್ಟಿಲ ಮೇಲೆ, ಇಸ್ತ್ರಿಯ ಬಿಳಿ ಸೀರೆ ಉಟ್ಟು ಶಾಂತಾಬಾಯಿ ಕೂತಿದ್ದಳು.

“ವಾಘ್ ಆಲಾ ರೇ ಆಲಾ!” ಹುಲಿ ಬಂತು ಎಂದು ಹುಡುಗರು ಕೂಗಿದರು. ಆಟ ಸುರುವಾಯಿತು. ಎಲ್ಲ ಸರಿಯಾಗಿ ನಡೆಯಿತು, ಮಾತಾಡಿಕೊಂಡಂತೆ. ಜನ ಚೀರುತ್ತಿದ್ದರು, ಧೂಳು ಏಳುತ್ತಿತ್ತು. ಕೊನೆಗೆ ಮಿಲಿಂದ ನನ್ನ ಬಲಗೈ ಹಿಡಿದು ತಿರುಗಿ, ತನ್ನ ಹೆಗಲನ್ನು ನನ್ನ ಕಂಕುಳಿಗೆ ಕೊಟ್ಟ. ಬಗ್ಗಿದ. ನಾನು ಜಿಗಿಯಬೇಕಾದ ಗಳಿಗೆ.

“ರೇವಣ್ಯಾ, ಹಾರು” ಎಂದ.

ಚಿಬಾದಲ್ಲಿ ಇದನ್ನು ಎಷ್ಟು ಸಲ ಮಾಡಿದ್ದೇನೋ. ಆದರೆ ಗ್ರೌಂಡಿನ ಆಚೆ ನಮ್ಮ ಮನೆಯ ಮಾಳಿಗೆ ಕಾಣುತ್ತಿತ್ತು. ಅಪ್ಪನ ಬಿಳಿ ಟೋಪಿ ಕಾಣುತ್ತಿತ್ತು. ನನ್ನ ಕಾಲು ಅಗಲವಾದವು. ಸೊಂಟ ಕೆಳಗಿಳಿಯಿತು. ಎತ್ತಲು ಬಂದವನಿಗೆ ಭಾರ ಕೊಡುವುದನ್ನು ಬೈಠಕ ಕಲಿಯುವ ಮೊದಲೇ ಅಪ್ಪ ಕಲಿಸಿದ್ದ.

“ಹಾರಲೇ!” ಎಂದ ಮಿಲಿಂದ. ಅವನ ಕಾಲು ನಡುಗುತ್ತಿದ್ದವು. ಬೆವರು ನನ್ನ ಕೈಗೆ ಇಳಿಯುತ್ತಿತ್ತು. ನಾನು ನೆಟ್ಟ ಕಂಬವಾಗಿದ್ದೆ. ಜನ ಸುಮ್ಮನಾಗುತ್ತಿದ್ದರು. ಮೂರನೆಯ ಸಲ ಅವನು ಬೇರೆ ದನಿಯಲ್ಲಿ ಅಂದ, “ಪಾಟೀಲ್ರ, ಹಾರ್ರಿ.”

ರಿಂಗಿನ ಒಳಗೆ ಅವನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಆಮೇಲೆ ಅವನು ಕೈ ಬಿಟ್ಟ. ಆಟ ಕೆಡಬಾರದಲ್ಲ. ಸೊಂಟ ಹಿಡಿದುಕೊಂಡು ತೂರಾಡಿದ, ನನ್ನ ಎದೆಗೆ ತಾನೇ ಬಂದು ಬಡಿದ, ಎರಡು ಸುತ್ತು ತಿರುಗಿ ಬೆನ್ನ ಮೇಲೆ ಧೊಪ್ಪನೆ ಬಿದ್ದ. ಅಷ್ಟು ಚಂದದ ಬೀಳುವಿಕೆಯನ್ನು ನಾನು ಜಪಾನಿನಲ್ಲೂ ಕಂಡಿಲ್ಲ. ನಾನು ಅವನ ಮೇಲೆ ಒರಗಿದೆ, ರೂಢಿಯಿಂದ. ಏಳಲು ಹೋದಾಗ ಅವನು ಕೆಳಗಿನಿಂದ ಪಿಸುಗುಟ್ಟಿದ, “ಏಳಬ್ಯಾಡ. ಮೂರ ಎಣಸ್ಲಿ.”

ಎಣಿಸಿದರು. ಹಲಗಿ ಬಾರಿಸಿದರು. ನನ್ನನ್ನು ಹೆಗಲ ಮೇಲೆ ಹೊತ್ತರು. ಆ ಎತ್ತರದಿಂದ ಮೆಟ್ಟಿಲು ಕಾಣುತ್ತಿತ್ತು. ಶಾಂತಾಬಾಯಿ ಎದ್ದು ಸೆರಗಿನ ಧೂಳು ಕೊಡವಿಕೊಳ್ಳುತ್ತಿದ್ದಳು.

ಜನ ಕರಗಿದ ಮೇಲೆ ನಾನೇ ಅವಳ ಹತ್ತಿರ ಹೋದೆ. ಮಿಲಿಂದ ಆಚೆ ಹಗ್ಗ ಬಿಚ್ಚುತ್ತಿದ್ದ.

“ಬರ್ರಿ ಪಾಟೀಲ್ರ” ಎಂದಳು. “ಭಾಳ ದಣದೀರಿ.”

“ಮಾವಶಿ, ಛಲೋ ಅದೀ?”

“ನಮಗೇನಾಗೇತಿ. ಮಿಲಿಂದ ಮೊಬೈಲನ್ಯಾಗ ನಿನ್ನ ಜಪಾನದ ಆಟ ತೋರಿಸ್ಯಾನ. ದಿನಾ ನೋಡ್ತೀನಿ. ಅಲ್ಲಿ ಛಂದ ಬೀಳ್ತಿಯಪಾ. ಸಣ್ಣ ಸಣ್ಣ ಹುಡುಗೂರ ಕೈಲೆ ಬೀಳ್ತಿ. ನನಗ ಛಲೋ ಅನಸ್ತು. ಈ ಹುಡುಗ ಕಲ್ತಾನ ಅಂದ್ಕೊಂಡ್ನಿ.” ಆಮೇಲೆ ಕೇಳಿದಳು, “ಇಲ್ಲಿ ಏನಾತು?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ನಾನು ಬಾಯಿ ತೆರೆದೆ.

“ಕಂಪನಿ ಬಿಡಂಗಿಲ್ಲ ಮಾವಶಿ” ಎಂದೆ. “ಹೊರಗ ಸೋಲಬಾರದು ಅಂತ ಕರಾರ ಐತಿ.”

ಆಚೆ ಹಗ್ಗ ಬಿಚ್ಚುವ ಕೈ ನಿಂತಿತು. ಕಂಪನಿ ಬಿಟ್ಟಿದೆ ಎಂಬುದು ಮಿಲಿಂದನಿಗೆ ಗೊತ್ತು, ನಾನೇ ಹೇಳಿದ್ದು. ಅವನು ತಿರುಗಿ ನನ್ನನ್ನು ಒಮ್ಮೆ ನೋಡಿದ. ಆಮೇಲೆ ಅವ್ವನಿಗೆ ಅಂದ, “ಹೂಂ ಬೇ. ಕಂಪನಿದಾವ್ರು ಭಾಳ ಕಡಕ್ ಇರ್ತಾರ.” ಮತ್ತೆ ಹಗ್ಗ ಬಿಚ್ಚತೊಡಗಿದ.

ಅಲ್ಲಿಯೂ ನನಗಾಗಿ ಅವನೇ ಬಿದ್ದ.

ಮನೆಗೆ ನಡೆಯುವಾಗ ಅಪ್ಪ ಬೆತ್ತ ಊರುತ್ತ ಜೊತೆಗೆ ಬರುತ್ತಿದ್ದ. ಶಾಭಾಸ್ ಅನ್ನುತ್ತಾನೆಂದು ಕಾದೆ. ಚಾವಡಿ ದಾಟಿದ ಮೇಲೆ ಅಂದ, “ಆ ಹುಡುಗ ಮನಿಗಿ ಬಂದು ಹೇಳಿದ್ದ, ಈ ಸಲ ನೀ ಬೀಳ್ತಿ ಅಂತ. ಹೂಂ ಅಂದಿದ್ನಿ.”

“ಮತ್ತ ನನಗ ಹೇಳಬೇಕಲ್ಲ ಅಪ್ಪಾ?”

“ಬೀಳಾಂವ ನೀನು. ನಾ ಏನ್ ಹೇಳ್ಲಿ?”

ಅಷ್ಟೇ. ಇಷ್ಟು ದಿನ ಅಪ್ಪನ ಮಾತಿನ ಹಿಂದೆ ನಿಂತಿದ್ದೆ, ಆಮೇಲೆ ಕಂಪನಿಯ ಕರಾರಿನ ಹಿಂದೆ. ಅಂದು ಸಂಜೆ ಎರಡೂ ಇರಲಿಲ್ಲ. ನಿಂತಿದ್ದವನು ನಾನೊಬ್ಬನೇ.

ರಜೆ ಮುಗಿಸಿ ಬಂದೆ. ಮೊರಿತಾ ಸಾನ್ ಹೇಗಾಯಿತು ಎಂದು ಕೇಳಿದರು. “ಅವನು ಬಹಳ ಚೆನ್ನಾಗಿ ಆಡಿದ” ಎಂದೆ. ಅದು ಸುಳ್ಳಲ್ಲ. ಅವರು ಖುಷಿಯಿಂದ ತಲೆ ಆಡಿಸಿದರು, ಇನ್ನೊಮ್ಮೆ ಹೋಗುವುದಾದರೆ ಹೇಳು ಎಂದರು. ಮಿಲಿಂದ ಫೋನು ಮಾಡುತ್ತಾನೆ, ರಿಂಗಿನ ಹೊಸ ಹಲಗೆಯ ಬಗ್ಗೆ, ಹೊಸ ಹುಡುಗರ ಬಗ್ಗೆ ಹೇಳುತ್ತಾನೆ. ಮತ್ತೊಂದು ಆಟ ಕೇಳಿಲ್ಲ. ಈಗ ಫೋನಿನಲ್ಲೂ “ಪಾಟೀಲ್ರ” ಅನ್ನುತ್ತಾನೆ. ಬೇರೆ ಯಾರೂ ಕೇಳಿಸಿಕೊಳ್ಳದಿದ್ದರೂ.

ಈ ದೇಶ ನನ್ನದಾಗಿದೆಯೇ ಎಂದು ಕೇಳಿದರೆ, ಇಲ್ಲ. ಹಾಲ್ ಖಾಲಿಯಾದ ಮೇಲೆ ಇಲ್ಲಿ ನನ್ನ ಕನ್ನಡ ಕೇಳುವವರಿಲ್ಲ, ಮರಾಠಿ ಬೈಗುಳಕ್ಕೆ ನಗುವವರಿಲ್ಲ. ಆದರೂ ನಿಜ ಹೇಳಬೇಕೆಂದರೆ, ವಾರದಲ್ಲಿ ನನಗೆ ನೆಮ್ಮದಿ ಸಿಗುವ ಗಳಿಗೆ ಇಲ್ಲಿಯದೇ. ಯಾರೋ ಎತ್ತುತ್ತಾರೆ, ನಾನು ಜಿಗಿಯುತ್ತೇನೆ, ಬೆನ್ನು ನೆಲಕ್ಕೆ ಬಡಿಯುತ್ತದೆ. ಮೇಲೆ ದೀಪಗಳು. ಮೂರು ಎಣಿಸುವಷ್ಟು ಹೊತ್ತು ನಾನು ಪಾಟೀಲನಲ್ಲ, ಯಾವ ಮನೆಯ ಮಗನೂ ಅಲ್ಲ, ಬಿದ್ದ ಮನುಷ್ಯ ಅಷ್ಟೇ. ತಡವಳದಲ್ಲಿ ಆ ಜಾಗ ನನಗೆ ಸಿಗಲಿಲ್ಲ. ಮಿಲಿಂದ ಹಾಸಿ ಕೊಟ್ಟಿದ್ದ, ನಾನು ಮಲಗಲಿಲ್ಲ. ಆಮೇಲೆ ಮೂರು ಮುಗಿಯುತ್ತದೆ. ಗೆದ್ದ ಹುಡುಗ ಕೈ ಕೊಟ್ಟು ಎಬ್ಬಿಸುತ್ತಾನೆ. ಎದ್ದು ನಿಂತ ತಕ್ಷಣ ಮತ್ತೆ ತಡವಳದವನಾಗುತ್ತೇನೆ.